ಹೊಟ್ಟೆ ಕೆಟ್ಟಾಗ ನೀರು ನಿಲ್ಲಿಸಬೇಡಿ



ಕಳೆದ ತಿಂಗಳು ಇದೇ ಪುಟದಲ್ಲಿ ಡೆಂಗಿ ಜ್ವರದ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ತಾಯಿಯೊಬ್ಬರು ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುರುನಿವಾಸದ ಜಗಲಿಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಫಾದರ್, ಭೇದಿಯ ಬಗ್ಗೆಯೂ ಒಮ್ಮೆ ಬರೆಯಿರಿ. ಮಳೆಗಾಲ ಸುರುವಾದರೆ ನಮ್ಮ ಮನೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಇದ್ದದ್ದೇ" ಎಂದರು. ಡೆಂಗಿಯ ವಿಷಯ ನಾವೆಲ್ಲರೂ ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿಯೇ ಮಾತಾಡುತ್ತೇವೆ. ಭೇದಿಯ ವಿಷಯ ಬಂದಾಗ ಮಾತ್ರ ಪಿಸುಮಾತು. ಆ ನಾಚಿಕೆಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಾವು ಒಮ್ಮೆ ಕಣ್ಣಾರೆ ಕಂಡಿದ್ದೇವೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗಿನ ಮಾತು. ಜೂನ್ ತಿಂಗಳ ಒಂದು ಭಾನುವಾರ, ಒಬ್ಬ ಅಜ್ಜಿ ಪೂಜೆಗೆ ಬಂದವರು ಅರ್ಧದಲ್ಲೇ ಎದ್ದು ಹೊರಗೆ ಹೋದರು. ಆಮೇಲೆ ಎದುರು ಸಿಕ್ಕಾಗ "ಹೊಟ್ಟೆ ಸರಿ ಇಲ್ಲ ಸ್ವಾಮಿ" ಎಂದರು. "ಹಲಸಿನ ಹಣ್ಣು ಜಾಸ್ತಿಯಾಯಿತೋ ಏನೋ ಅಜ್ಜಿ" ಎಂದು ನಾವು ನಗೆಯಾಡಿದೆವು. ಅವರೂ ನಕ್ಕರು. ಆ ವಾರದ ಶುಕ್ರವಾರ ತಿಂಗಳ ಮೊದಲ ಶುಕ್ರವಾರ. ನಡೆಯಲಾಗದ ಹಿರಿಯರಿಗೆ ಪರಮಪ್ರಸಾದ ಕೊಡಲು ಮನೆಮನೆಗೆ ಹೋಗುವಾಗ ಆ ಮನೆಯಿಂದಲೂ ಕರೆ ಬಂತು. ಹೋಗಿ ನೋಡಿದರೆ ಅಜ್ಜಿ ಚಾಪೆಯ ಮೇಲೆ ಮಲಗಿದ್ದರು. ಕಣ್ಣು ಒಳಗೆ ಹೋಗಿತ್ತು, ನಾಲಿಗೆ ಒಣಗಿತ್ತು, ನಮ್ಮ ಗುರುತು ಸಿಗಲಿಲ್ಲ. "ಕುಡಿಯಲು ಏನು ಕೊಡುತ್ತಿದ್ದೀರಿ?" ಎಂದು ಕೇಳಿದೆವು. ಸೊಸೆ, ಅತ್ತೆಯನ್ನು ಕಣ್ಣರೆಪ್ಪೆಯಂತೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು, "ಕುಡಿಯಲು ಕೊಟ್ಟರೆ ಮತ್ತೆ ಹೋಗ್ತದೆ ಫಾದರ್. ಅದಕ್ಕೇ ಮೊನ್ನೆಯಿಂದ ನೀರು ಕಡಿಮೆ ಮಾಡಿದ್ದೇವೆ" ಎಂದರು. ಕಿಟಕಿಯ ದಂಡೆಯಲ್ಲಿ ಓ.ಆರ್.ಎಸ್. ಪೊಟ್ಟಣವೊಂದಿತ್ತು, ಅರ್ಧ ಖಾಲಿ. ಆ ಅರ್ಧವನ್ನು ಒಂದೇ ಲೋಟ ನೀರಿಗೆ ಹಾಕಿ ಕೊಟ್ಟಿದ್ದರು, ಗಟ್ಟಿಯಾಗಿದ್ದರೆ ಬೇಗ ಗುಣವಾಗುತ್ತದೆಂದು. ಪೊಟ್ಟಣದ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿತ್ತು. ಆ ಮನೆಯವರು ಓದುವುದು ಕನ್ನಡ ಮಾತ್ರ. ಬಿ.ಪಿ. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ.

ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಐದನೆಯ ದಿನ ಅಜ್ಜಿ ತೀರಿಕೊಂಡರು. ವಯಸ್ಸಾಗಿತ್ತು ಎಂದು ಊರವರು ಸಮಾಧಾನ ಮಾಡಿಕೊಂಡರು. ನಮಗೆ ಮಾತ್ರ ಹಲಸಿನ ಹಣ್ಣಿನ ಮಾತು ಇಂದಿಗೂ ಚುಚ್ಚುತ್ತದೆ. ಆ ಭಾನುವಾರ ಎರಡು ನಿಮಿಷ ನಿಂತು ಸರಿಯಾಗಿ ವಿಚಾರಿಸಿದ್ದರೆ ಎಂದು.

ಭೇದಿಯಲ್ಲಿ ಜೀವ ತೆಗೆಯುವುದು ಬಹುತೇಕ ಸಂದರ್ಭಗಳಲ್ಲಿ ಹೊಟ್ಟೆಯೊಳಗಿನ ರೋಗಾಣುವಲ್ಲ. ದೇಹದಿಂದ ಹರಿದುಹೋಗುವ ನೀರು ಮತ್ತು ಉಪ್ಪು. ಹೋದಷ್ಟನ್ನು ಹಿಂದಕ್ಕೆ ಕೊಟ್ಟರೆ ಹೆಚ್ಚಿನ ಭೇದಿಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ನೀರು ನಿಲ್ಲಿಸಿದರೆ ಭೇದಿ ನಿಲ್ಲುವುದಿಲ್ಲ, ದೇಹ ಒಣಗುತ್ತದೆ ಅಷ್ಟೇ. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಹೋದರೆ ಅದನ್ನು ಭೇದಿ ಎನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ಪ್ರತಿ ವರ್ಷ ಜಗತ್ತಿನಲ್ಲಿ ಇದರಿಂದ ಸಾಯುತ್ತಾರೆ. ಇಷ್ಟೊಂದು ಸಾವಿಗೆ ಎದುರಾಗಿ ನಿಲ್ಲುವ ಮದ್ದು ಉಪ್ಪು, ಸಕ್ಕರೆ, ನೀರು ಎಂದರೆ ನಂಬುವುದು ಕಷ್ಟ. ವೈದ್ಯರಿಗೂ ಒಂದು ಕಾಲದಲ್ಲಿ ನಂಬುವುದು ಕಷ್ಟವಾಗಿತ್ತು. ಆ ಕಥೆ ನಮ್ಮ ದೇಶದ್ದೇ.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ. ಆಗಿನ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಎಂಬ ಊರಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಕಾಲರಾ ಬಂದವರಿಗೆ ರಕ್ತನಾಳದ ಮೂಲಕ ಡ್ರಿಪ್ ಏರಿಸುವುದೊಂದೇ ಆಗ ಒಪ್ಪಿತವಾದ ಚಿಕಿತ್ಸೆ. ಆದರೆ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು, ಏರಿಸಲು ಕಲಿತ ಜನವೂ ಸಾಲದು. ಆಸ್ಪತ್ರೆಯ ನೆಲದ ಮೇಲೇ ರೋಗಿಗಳು. ಅಲ್ಲಿ ಕೆಲಸ ಮಾಡುತ್ತಿದ್ದ ಡಾ. ದಿಲೀಪ್ ಮಹಲನೊಬಿಸ್ ಎಂಬ ವೈದ್ಯರು ಒಂದು ನಿರ್ಧಾರ ಮಾಡಿದರು. ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡ ಇವನ್ನು ತೂಕ ಮಾಡಿ ಕಲ್ಕತ್ತಾದಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿದರು. ಶಿಬಿರದಲ್ಲಿ ಅದನ್ನು ನೀರಿಗೆ ಬೆರೆಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ತಾಯಿ ಮಗುವಿಗೆ, ಗಂಡ ಹೆಂಡತಿಗೆ ಲೋಟದಲ್ಲಿ ಕುಡಿಸಿದರು. ನೂರರಲ್ಲಿ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಏಳು ವರ್ಷಗಳ ಬಳಿಕ, 1978ರಲ್ಲಿ, ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಲ್ಲದ್ದೆಂದು ಬರೆಯಿತು. ಡಾ. ಮಹಲನೊಬಿಸ್ 2022ರ ಅಕ್ಟೋಬರಿನಲ್ಲಿ ನಿಧನರಾದರು. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ. ಬದುಕಿದ್ದಾಗ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ನಮಗನಿಸಿತು.

ಸಕ್ಕರೆ ಏಕೆ ಬೇಕು, ಬರೀ ನೀರು ಸಾಲದೇ ಎಂದು ಹಲವರು ಕೇಳುತ್ತಾರೆ. ಬ್ಯಾಂಕಿನ ಲಾಕರನ್ನು ನೆನೆಯಿರಿ. ಬ್ಯಾಂಕಿನವರ ಕೀಲಿಯೂ ನಮ್ಮ ಕೀಲಿಯೂ ಒಟ್ಟಿಗೆ ಬಿದ್ದರೆ ಮಾತ್ರ ಅದು ತೆರೆಯುತ್ತದೆ. ನಮ್ಮ ಸಣ್ಣಕರುಳಿನ ಗೋಡೆಯಲ್ಲೂ ಇಂಥದೇ ಬಾಗಿಲುಗಳಿವೆ. ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದಾಗ ಆ ಬಾಗಿಲು ತೆರೆಯುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಭೇದಿ ಜೋರಾಗಿರುವಾಗಲೂ, ಕಾಲರಾದಲ್ಲಿ ಕೂಡ, ಈ ಬಾಗಿಲು ಕೆಡುವುದಿಲ್ಲ. ಆದರೆ ಅಳತೆ ತಪ್ಪಬಾರದು. ಸಕ್ಕರೆ, ಉಪ್ಪು ಹೆಚ್ಚಾಗಿ ಗಟ್ಟಿಯಾದರೆ ಅದು ದೇಹದ ನೀರನ್ನೇ ಕರುಳಿಗೆ ಸೆಳೆಯುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ. ಆ ಅಜ್ಜಿಯ ಮನೆಯಲ್ಲಿ ಆದದ್ದು ಇದೇ. ಮದ್ದೇನೋ ಕೈಯಲ್ಲಿತ್ತು.

ಹಾಗಾಗಿ ಪೊಟ್ಟಣದ ಮಾತನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುತ್ತೇವೆ. ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಸಿಗುವ ದೊಡ್ಡ ಪೊಟ್ಟಣ ಸುಮಾರು ಇಪ್ಪತ್ತು ಗ್ರಾಮಿನದು. ಅದನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಒಂದೇ ಸಲ ಹಾಕಬೇಕು. ಕುದಿಸಿ ಆರಿಸಿದ ನೀರಾಗಿರಲಿ. ಅರ್ಧ ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಹಾಕುವುದು ಬೇಡ. ಅಂಗಡಿಯಲ್ಲಿ ಸಣ್ಣ ಪೊಟ್ಟಣವೂ ಸಿಗುತ್ತದೆ, ಅದು 200 ಮಿಲಿಲೀಟರಿಗೆ, ಅಂದರೆ ಒಂದು ಲೋಟಕ್ಕೆ. ಓದಲು ಬಾರದಿದ್ದರೆ ಮನೆಯ ಶಾಲಾಮಕ್ಕಳಿಂದ ಆ ಅಂಕಿಯನ್ನು ಓದಿಸಿರಿ. ಕಲಸಿದ ದ್ರಾವಣವನ್ನು ಮುಚ್ಚಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅದಕ್ಕೆ ಹಾಲು, ಹಣ್ಣಿನ ರಸ, ಇನ್ನಷ್ಟು ಸಕ್ಕರೆ ಯಾವುದನ್ನೂ ಸೇರಿಸಬಾರದು.

ಎಷ್ಟು ಕುಡಿಸಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ. ದೊಡ್ಡವರಿಗೆ ಪ್ರತಿ ಸಲ ಒಂದು ಲೋಟ, ಬಾಯಾರಿದರೆ ಇನ್ನೂ. ವಾಂತಿಯಾಯಿತೆಂದು ಬಿಡಬೇಡಿ. ಹತ್ತು ನಿಮಿಷ ತಡೆದು ಮತ್ತೆ ಒಂದೊಂದೇ ಚಮಚ ಕೊಡಿ. ಗಟಗಟ ಕುಡಿಸಿದರೆ ವಾಂತಿ ಹೆಚ್ಚು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಚಮಚ ಹಿಡಿದು ಕೂರುವ ಕೆಲಸ ಸುಲಭದ್ದಲ್ಲ. ಮನೆಯವರು ಸರದಿ ಮಾಡಿಕೊಳ್ಳಿ. ಗಂಡಸರೂ.

ನಡುರಾತ್ರಿ, ಪೊಟ್ಟಣ ಇಲ್ಲ ಎನ್ನೋಣ. ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ನಮ್ಮ ಕುಚ್ಚಲಕ್ಕಿ ಗಂಜಿಯ ತಿಳಿಗೆ ಸ್ವಲ್ಪ ಉಪ್ಪು ಹಾಕಿ ಕೊಡುವುದೂ ಬಹಳ ಒಳ್ಳೆಯದು. ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ, ಅದೇ ಬಾಗಿಲನ್ನು ತೆರೆಯುತ್ತದೆ. ಬೊಂಡದ ನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಜೋರು ಭೇದಿಗೆ ಅದೊಂದೇ ಸಾಲದು. ಇನ್ನು ಕಟ್ಟನ್ ಚಾಯಕ್ಕೆ ಲಿಂಬೆ ಹಿಂಡಿ ಕುಡಿಯುವುದು ಗಡಿನಾಡಿನ ನಮ್ಮೆಲ್ಲರ ಮೊದಲ ಮದ್ದು. ಕುಡಿದರೆ ಹಾಯೆನಿಸಬಹುದು, ಹೋದ ಉಪ್ಪು ಮಾತ್ರ ಅದರಿಂದ ಬರುವುದಿಲ್ಲ. ಬಣ್ಣದ ಸೋಡ, ಪೆಟ್ಟಿಗೆಯ ಹಣ್ಣಿನ ರಸ ಬೇಡವೇ ಬೇಡ, ಅವುಗಳ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೆಸರಿನಲ್ಲಿ ಓ.ಆರ್.ಎಸ್. ಎಂದಿರುವ ಸಿಹಿ ಪಾನೀಯದ ಡಬ್ಬಿಗಳು ಔಷಧದಂಗಡಿಗಳಲ್ಲೇ ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಸುಮಾರು ಎಂಟು ವರ್ಷ ಒಬ್ಬರೇ ಎಂಬಂತೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ಆ ಮೂರಕ್ಷರ ಇರಬಾರದೆಂದು ಆದೇಶ ಹೊರಡಿಸಿತು. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಹೌದೇ ಎಂದು ಅಂಗಡಿಯವರಲ್ಲಿ ಕೇಳಿರಿ. ಕೇಳಲು ಸಂಕೋಚ ಬೇಡ.

ಊಟದ ವಿಷಯದಲ್ಲೂ ನಮ್ಮಲ್ಲಿ ಹಳೆಯ ತಪ್ಪೊಂದಿದೆ. ಹೊಟ್ಟೆಗೆ ವಿಶ್ರಾಂತಿ ಎಂದು ಮಕ್ಕಳನ್ನು ಉಪವಾಸ ಕೆಡವುತ್ತೇವೆ. ತಪಸ್ಸುಕಾಲದ ಉಪವಾಸಕ್ಕೆ ಬೇಸರ ಪಡುವವರೂ ಈ ಉಪವಾಸವನ್ನು ಮಾತ್ರ ಕಟ್ಟುನಿಟ್ಟಾಗಿ ಮಾಡಿಸುತ್ತಾರೆ! ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಲೇಬಾರದು, ಇನ್ನೂ ಹೆಚ್ಚು ಸಲ ಕೊಡಬೇಕು. ಉಳಿದವರಿಗೆ ಗಂಜಿ, ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು, ಬೇಳೆಯ ತಿಳಿಸಾರು ಸ್ವಲ್ಪಸ್ವಲ್ಪವೇ ಮತ್ತೆಮತ್ತೆ. ಮಕ್ಕಳಿಗೆ ಓ.ಆರ್.ಎಸ್. ಜೊತೆಗೆ ಜಿಂಕ್ ಮಾತ್ರೆಯೂ ಬೇಕು. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣವರಿಗೆ 10, ಹದಿನಾಲ್ಕು ದಿನ. ಭೇದಿ ಮೂರನೆಯ ದಿನ ನಿಂತಿತೆಂದು ಮಾತ್ರೆ ಬಿಡಬಾರದು. ಮುಂದಿನ ತಿಂಗಳುಗಳಲ್ಲಿ ಮತ್ತೆ ಭೇದಿಯಾಗುವುದನ್ನು ಅದು ಕಡಿಮೆ ಮಾಡುತ್ತದೆ.

"ನಿಲ್ಲಿಸುವ ಮಾತ್ರೆ ಕೊಡಿ" ಎಂದು ಔಷಧದಂಗಡಿಗೆ ಓಡುವವರಿಗೆ ಒಂದು ಮಾತು. ಕರುಳಿನ ಚಲನೆ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬಾರದು. ರಕ್ತ ಬೀಳುವ ಭೇದಿಗೆ, ಜ್ವರವಿರುವ ಭೇದಿಗೆ ದೊಡ್ಡವರೂ ತೆಗೆದುಕೊಳ್ಳಬಾರದು. ಆ್ಯಂಟಿಬಯಾಟಿಕ್ ಕೂಡ ಹೆಚ್ಚಿನ ಭೇದಿಗೆ ಬೇಕಿಲ್ಲ. ವೈರಸ್ಸಿನಿಂದ ಬಂದದ್ದಾದರೆ ಅದು ಏನೂ ಮಾಡುವುದಿಲ್ಲ, ಕೆಲವೊಮ್ಮೆ ಆ್ಯಂಟಿಬಯಾಟಿಕ್ಕೇ ಭೇದಿಯನ್ನು ತರುತ್ತದೆ. ಸಕ್ಕರೆ ಕಾಯಿಲೆಯವರು ಹೊಸದಾಗಿ ಮೆಟ್‌ಫಾರ್ಮಿನ್ ಸುರು ಮಾಡಿದಾಗ, ಹಾಲು ಜೀರ್ಣಿಸಲಾಗದವರು ಹಾಲು ಕುಡಿದಾಗಲೂ ಹೊಟ್ಟೆ ಕೆಡುವುದುಂಟು. ಎರಡು ವಾರ ದಾಟಿದ ಭೇದಿಯನ್ನು ಮನೆಮದ್ದಿನಲ್ಲಿ ಎಳೆಯದೆ ವೈದ್ಯರಿಗೆ ತೋರಿಸಬೇಕು.

ಹಿರಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಬಿ.ಪಿ.ಗೆ, ಹೃದಯಕ್ಕೆ, ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿಯಾದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ಮುಂದುವರಿಸಬೇಕೇ ಎಂದು ಕೇಳಬೇಕು. ಅವುಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುತ್ತವೆ, ಕೆಲವು ನೀರಿಲ್ಲದ ದೇಹದಲ್ಲಿ ಮೂತ್ರಪಿಂಡಕ್ಕೆ ಭಾರವಾಗುತ್ತವೆ. ಸಕ್ಕರೆ ಇದೆಯೆಂದು ಓ.ಆರ್.ಎಸ್. ಬೇಡ ಎನ್ನಬಾರದು. ಒಂದು ಲೀಟರಿನಲ್ಲಿ ಇರುವ ಗ್ಲೂಕೋಸ್ ಹದಿಮೂರೂವರೆ ಗ್ರಾಂ ಮಾತ್ರ. ರಕ್ತದ ಸಕ್ಕರೆಯನ್ನು ಪರೀಕ್ಷಿಸುತ್ತಾ ಕುಡಿಯಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿನ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಹಿರಿಯರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಹೇಳಲು ನಾಚಿಕೆ ಬೇರೆ. ಬಟ್ಟೆ ಕೊಳೆಯಾದೀತೆಂದು ತಾವೇ ನೀರು ಬಿಡುತ್ತಾರೆ. ಸೊಸೆಗೆ ತೊಂದರೆಯಾದೀತೆಂದು ಸುಮ್ಮನಿರುತ್ತಾರೆ. ನೀವೇ ಕೇಳಬೇಕು.

ಆಸ್ಪತ್ರೆಗೆ ಯಾವಾಗ? ಕಣ್ಣು ಗುಳಿಬಿದ್ದಾಗ, ಮಗು ಅತ್ತರೂ ಕಣ್ಣೀರು ಬಾರದಾಗ, ಆರು ಗಂಟೆಯಾದರೂ ಮೂತ್ರ ಹೋಗದಾಗ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುವಾಗ, ಎದ್ದು ನಿಂತರೆ ತಲೆ ತಿರುಗುವಾಗ, ಮಂಪರು ಬಂದಾಗ, ಕುಡಿದದ್ದೆಲ್ಲ ವಾಂತಿಯಾದಾಗ, ರಕ್ತ ಕಂಡಾಗ. ಎರಡು ತಿಂಗಳೊಳಗಿನ ಶಿಶುವಿಗೆ ಭೇದಿಯಾದರೆ ಇದಾವುದನ್ನೂ ಕಾಯಬಾರದು. ದಾರಿಯಲ್ಲೂ, ವಾಹನದಲ್ಲೂ ಚಮಚದಿಂದ ಕುಡಿಸುತ್ತಲೇ ಹೋಗಿರಿ.

ಇನ್ನು ಈ ಭೇದಿ ಬರುವುದೆಲ್ಲಿಂದ? ಶಿಶುಗಳಲ್ಲಿ ದೊಡ್ಡ ಕಾರಣ ರೋಟಾ ವೈರಸ್. ಅದಕ್ಕೆ ಆರು, ಹತ್ತು, ಹದಿನಾಲ್ಕನೆಯ ವಾರದಲ್ಲಿ ಬಾಯಿಗೆ ಹಾಕುವ ಲಸಿಕೆ 2019ರ ವೇಳೆಗೆ ದೇಶವಿಡೀ ಉಚಿತವಾಗಿ ಸಿಗುವಂತಾಯಿತು, ತಪ್ಪಿಸಬೇಡಿ. ಉಳಿದಂತೆ ಬೇರೆಬೇರೆ ಹೆಸರಿನ ರೋಗಾಣುಗಳಿದ್ದರೂ ದಾರಿ ಒಂದೇ: ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ನೀರಿನಿಂದ, ಕೈಯಿಂದ, ನೊಣದಿಂದ, ಊಟದಿಂದ ತಲುಪುವುದು. ಕೇಳಲು ಅಸಹ್ಯ, ಆದರೆ ನಿಜ. ಶಿಗೆಲ್ಲ ಎಂಬ ರೋಗಾಣು ಹತ್ತರಿಂದ ನೂರರಷ್ಟು ಒಳಗೆ ಹೋದರೂ ಸಾಕು. 2022ರ ಮೇ ತಿಂಗಳಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರ್ವತ್ತೂರಿನಲ್ಲಿ ಶವರ್ಮ ತಿಂದ ಹಲವರು ಆಸ್ಪತ್ರೆ ಸೇರಿದ್ದು, ಹದಿನಾರರ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಪರೀಕ್ಷೆಯಲ್ಲಿ ಸಿಕ್ಕಿದ್ದು ಶಿಗೆಲ್ಲ. ಶೌಚದ ಬಳಿಕ ಮತ್ತು ಅಡುಗೆಗೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದನ್ನು ಮಕ್ಕಳಿಗೆ ಮಾತ್ರ ಹೇಳುತ್ತೇವೆ. ಶಿಶುವಿನ ಮಲ ನಿರಪಾಯವೆಂದು ತೋಟಕ್ಕೆ ಎಸೆಯುವುದೂ ನಮ್ಮಲ್ಲುಂಟು. ಅದೂ ರೋಗ ತರುತ್ತದೆ.

ನಮ್ಮ ಕಡೆ ಮನೆಗೊಂದು ಬಾವಿ, ಗುಡ್ಡದ ಬದಿಯವರಿಗೆ ಸುರಂಗದ ನೀರು. ತಿಳಿಯಾಗಿದೆ, ತಂಪಾಗಿದೆ, ಆದ್ದರಿಂದ ಶುದ್ಧ ಎಂದು ನಂಬುತ್ತೇವೆ. ಆದರೆ ನಮ್ಮ ನೆಲ ಮುರಕಲ್ಲಿನದು, ತೂತು ತೂತು. ಮಳೆಗಾಲದಲ್ಲಿ ಮೇಲಿನ ಶೌಚಗುಂಡಿಯ ನೀರು ಸೋಸದೆಯೇ ಕೆಳಗಿನ ಬಾವಿಗೆ ಇಳಿಯಬಲ್ಲದು. ಬಾವಿಗೂ ಇಂಗುಗುಂಡಿಗೂ ನಡುವೆ ಕೇರಳದ ಪಂಚಾಯತ್ ಕಟ್ಟಡ ನಿಯಮ ಹೇಳುವುದು ಏಳೂವರೆ ಮೀಟರ್. ಮುರಕಲ್ಲಿನಲ್ಲಿ ಅದಕ್ಕಿಂತ ದೂರವಿದ್ದಷ್ಟೂ ಒಳ್ಳೆಯದು. ಹಾಗಾಗಿ ಕುದಿಸಿಯೇ ಕುಡಿಯಬೇಕು. ಕುದಿಸುತ್ತೇವೆ ಫಾದರ್ ಎನ್ನುತ್ತೀರಿ, ಜೀರಿಗೆ ಹಾಕಿ ಚೆನ್ನಾಗಿಯೇ ಕುದಿಸುತ್ತೀರಿ. ಆಮೇಲೆ ಅತಿಥಿಗಳು ಬಂದಾಗ ಬಿಸಿ ಹೆಚ್ಚಾಯಿತೆಂದು ಅದಕ್ಕೆ ಬಾವಿಯ ತಣ್ಣೀರು ಬೆರೆಸುತ್ತೀರಲ್ಲ! ಮದುವೆಯ ಮನೆಗಳಲ್ಲೂ ಇದೇ ಕಥೆ. ಊಟಕ್ಕೆ ಬಿಸಿನೀರು, ಬಾಗಿಲಲ್ಲಿ ಎಲ್ಲಿಯದೋ ಮಂಜುಗಡ್ಡೆ ಹಾಕಿದ ಬಣ್ಣದ ಶರಬತ್ತು. ಮುಂದಿನ ಮದುವೆಗಳಲ್ಲಿ ಆ ಶರಬತ್ತನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಸುತ್ತಮುತ್ತ ರೋಗವಿದ್ದರೆ ಐದು ಗ್ರಾಂ. ಎರಡು ಮೀಟರ್ ಅಗಲದ ಉರುಟು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು ಒಂಬತ್ತು ಸಾವಿರದ ನಾನೂರು ಲೀಟರ್, ಅಂದರೆ ಇಪ್ಪತ್ತನಾಲ್ಕು ಗ್ರಾಂ ಪುಡಿ. ಪುಡಿ ಹೊಸದಾಗಿರಲಿ. ಬಕೆಟಿನಲ್ಲಿ ಕಲಸಿ, ಸುಣ್ಣದಂಥದ್ದು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಕೊಡಪಾನದಿಂದ ಕದಡಬೇಕು. ಸಂಜೆ ಹಾಕಿದರೆ ಬೆಳಿಗ್ಗೆ ಬಳಸಬಹುದು.

ಇದನ್ನೆಲ್ಲ ಬರೆಯುವ ಮೊದಲು ನಮ್ಮ ಸಭಾಭವನದ ಬಾವಿಯನ್ನು ಅಳೆಯೋಣವೆಂದು ಯುವಕರನ್ನು ಕರೆದುಕೊಂಡು ಟೇಪು ಹಿಡಿದೆವು. ಶೌಚಾಲಯದ ಗುಂಡಿಗೆ ಆರು ಮೀಟರ್. ವಾರ್ಷಿಕ ಹಬ್ಬದ ಊಟಕ್ಕೆ ನಾವು ಇಷ್ಟು ವರ್ಷ ಬಳಸಿದ್ದು ಅದೇ ನೀರು. ಯುವಕರು ನಮ್ಮ ಮುಖ ನೋಡಿದರು, ನಾವು ಟೇಪು ನೋಡಿದೆವು. ನೀರನ್ನು ಪರೀಕ್ಷೆಗೆ ಕಳುಹಿಸಿದ್ದೇವೆ. ಗುಂಡಿಯನ್ನು ಬೇರೆಡೆ ತೋಡಿಸುವ ಖರ್ಚಿನ ವಿಷಯ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದಿನ ಸಭೆಗೆ ಬರುತ್ತದೆ. ಅಲ್ಲಿಯವರೆಗೆ ಆ ಬಾವಿಯ ನೀರನ್ನು ಕುಡಿಯಲು ಬಳಸುವುದಿಲ್ಲ.

ಬರುವ ಭಾನುವಾರ ಎರಡನೆಯ ಪೂಜೆಯ ನಂತರ ನಮ್ಮ ಊರಿನ ಆಶಾ ಕಾರ್ಯಕರ್ತೆಯವರು ಸಭಾಭವನದಲ್ಲಿ ಓ.ಆರ್.ಎಸ್. ಕಲಸುವುದನ್ನು ಕನ್ನಡದಲ್ಲೇ ತೋರಿಸಿಕೊಡುತ್ತಾರೆ. ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯ ಒಂಟಿ ಹಿರಿಯರನ್ನು ತಪ್ಪದೆ ಕರೆತರಬೇಕು. ಪೊಟ್ಟಣ ನಾವು ಕೊಡುತ್ತೇವೆ. ಒಂದು ಲೀಟರಿನ ಖಾಲಿ ಬಾಟಲಿಯನ್ನು ಮನೆಯಿಂದ ತನ್ನಿ.